ಡೈನಮೋಕ್ಕೆ ಕಾಯಿನೀರು

ಬೆಳಿಗ್ಗೆ ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿಕೊಂಡು ಕೂತಿದ್ದೆ, ಕಿಟಕಿಯಿಂದ ಒಂದು ವಾಸನೆ ಬಂತು. ಬಿಸಿ ಎಂಜಿನ್ನಿನ ಮೇಲೆ ತೆಂಗಿನಕಾಯಿ ನೀರು ಬಿದ್ದು ಸೀದ ವಾಸನೆ. ನೀವು ಇದನ್ನು ಮೂಸಿರಲಿಕ್ಕಿಲ್ಲ, ಮೂಸಿಲ್ಲದಿದ್ದರೆ ಪುಣ್ಯವಂತರು. ನಿನ್ನೆಯಷ್ಟೇ ನಮ್ಮ ಹಳೆಯ ಅಂಬಾಸಿಡರಿಗೆ ಹೊಸ ಡೈನಮೋ ಕೂಡಿಸಿಕೊಂಡು ಬಂದಿದ್ದೆ. ಚಾರ್ಜ್ ಆಗಲೆಂದು ಎಂಜಿನ್ ಚಾಲೂ ಬಿಟ್ಟು ಸ್ನಾನಕ್ಕೆ ಕೂತವನಿಗೆ ಇವತ್ತು ಅಮಾವಾಸ್ಯೆ ಎಂಬುದು ಮರೆತೇ ಹೋಗಿತ್ತು.

ಡೈನಮೋ ಎಂದರೆ, ತಿಳಿದವರು ಆಲ್ಟರ್ನೇಟರ್ ಅನ್ನುವ ಸಾಮಾನು. ಎಂಜಿನ್ನಿನ ಜೊತೆ ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಅದಕ್ಕೆ ನೀರು ಆಗದು. ಇಷ್ಟು ಸರಳ ಮಾತನ್ನು ನನ್ನ ಸೋದರಮಾವನಿಗೆ ಹೇಳಿ ಹೇಳಿ ನನ್ನ ಗಂಟಲು ಹರಿದದ್ದೇ ಬಂತು.

ಮಾವ ಬೇವೂರಿನವನು. ಈ ಕಾರನ್ನು ಶ್ರೀರಾಮನಗರದ ಅಕ್ಕಿ ಗಿರಣಿಯವರಿಂದ ಕೊಂಡಿದ್ದ. ಅಮಾವಾಸ್ಯೆಗೊಮ್ಮೆ ಅದನ್ನು ಎಮ್ಮೆಯ ಮೈ ತೊಳೆದಂತೆ ತೊಳೆದು, ವಿಭೂತಿ ಬಳಿದು, ಲಿಂಬೆಹಣ್ಣು ಕಟ್ಟುತ್ತಿದ್ದ. ಅಷ್ಟಕ್ಕೇ ಮುಗಿಸಿದ್ದರೆ ಯಾರು ಬೇಡವೆನ್ನುತ್ತಿದ್ದರು? ಊರವರೆಲ್ಲ ಗಾಲಿಯ ಮುಂದೆ ಕಾಯಿ ಒಡೆದರೆ ಈತ ಬಾನೆಟ್ ಎತ್ತಿ ನೀರನ್ನು ನೇರ ಡೈನಮೋಕ್ಕೆ ಸುರಿಯುತ್ತಿದ್ದ. ಅದು ಕೆಡುತ್ತಿತ್ತು. ಗಂಗಾವತಿಯ ಮೆಕ್ಯಾನಿಕ್ ಖಾದರಸಾಬ ಬಿಚ್ಚಿ, ತಿಕ್ಕಿ, "ಬ್ರಷ್ ಹೋಗ್ಯಾವ್ರಿ" ಅನ್ನುತ್ತಿದ್ದ. ಯಾಕೆ ಹೋದವೆಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಚಾರ್ಜ್ ಇಲ್ಲವೆಂದು ಹತ್ತುವ ಕೆಂಪು ದೀಪ ಕಣ್ಣಿಗೆ ಚುಚ್ಚುತ್ತದೆಂದು ಮಾವ ಅದರ ಮೇಲೆ ಹುಲಿಗೆಮ್ಮನ ಫೋಟೋ ಅಂಟಿಸಿಬಿಟ್ಟಿದ್ದ. ಇಂಥವನಿಗೆ ಏನು ಹೇಳುತ್ತೀರಿ?

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಸುಮಾರಿಗೆ ನನಗೆ ಅಲ್ಲಿ ಗುಮಾಸ್ತನ ನೌಕರಿ ಸಿಕ್ಕಿತು. ಹಾಜರಾಗಲು ಕೊನೆಯ ದಿನ ಅಮಾವಾಸ್ಯೆಯ ಮರುದಿನವೇ. ತಪ್ಪಿದರೆ ನೌಕರಿ ಇನ್ನೊಬ್ಬನ ಪಾಲು. ಅಂದು ಬೆಳಿಗ್ಗೆ ಬಸ್ಸಿಗೆ ಹೊರಟವನನ್ನು ಮಾವ ತಡೆದ.

"ಸರಕಾರಿ ಮನಷ್ಯಾ ಬಸ್ಸಿನಾಗ ಜೋತಾಡಕೋಂತ ಹೋಗ್ತಾನೇನಲೇ? ಕಾರ್ ಐತಿ, ಕುಂದ್ರು."

ಕೂತೆ. ಕುಕನೂರು ದಾಟುತ್ತಲೇ ಕಾರು ನಿಂತಿತು. ಬ್ಯಾಟರಿಯಲ್ಲಿ ಉಳಿದಿದ್ದ ಚೂರುಪಾರನ್ನು ಮಾವ ದಾರಿಯ ಕುರಿಹಿಂಡುಗಳಿಗೆ ಹಾರ್ನ್ ಹೊಡೆದೇ ಮುಗಿಸಿದ್ದ. ಇಸ್ತ್ರಿ ಅಂಗಿಯ ತೋಳು ಮಡಚಿ ಬಾನೆಟ್ ಎತ್ತಿದೆ. ಡೈನಮೋದ ತುಂಬ ಕಾಯಿನೀರಿನ ಅಂಟು. ರಾತ್ರಿ ಸಿಹಿಗೆಂದು ಬಂದ ಇರುವೆಗಳು ಅದರಲ್ಲೇ ಹುರಿದುಹೋಗಿದ್ದವು. ನನ್ನ ಪಿತ್ತ ನೆತ್ತಿಗೇರಿತು.

"ಮಾಮಾ, ನನ್ನ ನೌಕರಿಗೂ ಕಾಯಿನೀರು ಹಾಕಿದ್ರಲ್ರಿ!"

ಮಾವ ಸಿಟ್ಟಾಗಲಿಲ್ಲ. ಕಾರಿನ ನೆರಳಿಗೆ ಕುಕ್ಕರಗಾಲಲ್ಲಿ ಕೂತ.

"ನಿಮ್ಮ ಅತ್ತೀಗೆ ಹೊಲದಾಗ ಹಾವು ಕಡದಿದ್ದು ನೆಪ್ಪೈತೇನು? ರಾತ್ರ್ಯಾಗ ಇದ ಕಾರಿನಾಗ ಗಂಗಾವತಿ ದವಾಖಾನಿ ಮುಟ್ಟೂತನಾ ದೀಪ ಆರಲಿಲ್ಲ. ಆರಿದ್ರ ಆಕಿ ಉಳೀತಿದ್ದಿಲ್ಲ. ದೀಪಕ್ಕ ಕರೆಂಟ್ ಕೊಟ್ಟಿದ್ದು ಯಾವುದು? ಡೈನಮೋ. ಅದಕ್ಕ ಎಡಿ ಹಿಡೀದಿದ್ರ ಹೆಂಗ?"

"ಆ ಡೈನಮೋ ಕೆಟ್ಟು ಗುಜರಿಗೆ ಹೋತು, ಮಾಮಾ. ಇದು ಬ್ಯಾರೇದು!"

"ಬ್ಯಾರೇದಾದ್ರೇನು? ಜಾಗಾ ಅದ ಐತೆಲ್ಲ."

ಮಾವನನ್ನೂ ಕಾರನ್ನೂ ಅಲ್ಲೇ ಬಿಟ್ಟೆ. ಉಳ್ಳಾಗಡ್ಡಿ ಲಾರಿಯೊಂದಕ್ಕೆ ಕೈ ಮಾಡಿ ಈರುಳ್ಳಿ ಮೂಟೆಗಳ ಮೇಲೆ ಕೂತು ಹೋದೆ. ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಸಹಿ ಬಿತ್ತು. ಸಾಹೇಬರು ಮಾತ್ರ ಮೂಗಿಗೆ ಕರವಸ್ತ್ರ ಹಿಡಿದೇ ನನ್ನನ್ನು ಬರಮಾಡಿಕೊಂಡರು.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಮನೆಗೆ ಬಂದಳು. ಹಿಂದೆಯೇ ಕಾರೂ ಬಂತು. ಇನ್ನಾದರೂ ಡೈನಮೋ ಬದುಕೀತೆಂದು ನಾನು ನಂಬಿದ್ದೆ, ಮೂರ್ಖ.

ತಲೆಯ ನೊರೆಯನ್ನೂ ತೊಳೆಯದೆ ಟವೆಲ್ಲು ಸುತ್ತಿಕೊಂಡು ಅಂಗಳಕ್ಕೆ ಓಡಿದೆ. ತೆರೆದ ಬಾನೆಟ್ಟಿನ ಮುಂದೆ ಅತ್ತೆ ಕಾಯಿಯ ಎರಡು ಹೋಳು ಹಿಡಿದು ನಿಂತಿದ್ದಳು. ಒಂದು ಆಗಲೇ ಬರಿದಾಗಿತ್ತು.

"ಅತ್ತೀ! ನಿನ್ನಿ ಅಷ್ಟ ಕೂಡ್ಸೀನಿ, ಹೊಸಾದು!"

"ಗೊತ್ತೈತಪಾ," ಎಂದಳು. "ಅವರು ಒಂದ ಅಮಾಸಿನೂ ತಪ್ಪಿಸಿದ್ದಿಲ್ಲ. ಅವರು ಹೋದ್ರೇನಾತು, ನಾ ಇನ್ನೂ ಬದಕೀನೆಲ್ಲ?"

ಹಾವು ಕಚ್ಚಿದ ಆ ಕಾಲನ್ನು ನೋಡಿದೆ. ಹಿಮ್ಮಡಿಯ ಮೇಲೆ ಕಪ್ಪು ಕಲೆ ಹಾಗೇ ಇತ್ತು. ಬೈಯಲು ತೆರೆದ ಬಾಯೊಳಗೆ ಸೋಪಿನ ನೊರೆ ಇಳಿಯಿತು.

"ಇದರಾಗ ಒಂದೀಟು ಉಳದೈತಿ," ಎಂದು ಅತ್ತೆ ಇನ್ನೊಂದು ಹೋಳನ್ನು ನನ್ನತ್ತ ಚಾಚಿದಳು. "ನೀ ಹಾಕು."

ಹಾಕಿದೆ. ಆಮೇಲೆ ಕೈ ಒರೆಸಿಕೊಂಡು ಖಾದರಸಾಬನಿಗೆ ಫೋನು ಹಚ್ಚಿದೆ.