ಸಡಿಲಿಸಿದ ಸೊಂಟಪಟ್ಟಿ

ನಮ್ಮ ಯಜಮಾನರು ಟೈಲರ್. ಮೂವತ್ತೆಂಟು ವರ್ಷ ಒಂದೇ ಅಂಗಡಿಯಲ್ಲಿ ಪ್ಯಾಂಟು ಹೊಲಿದರು. ಕಾಜಾ, ಗುಂಡಿ, ಹುಕ್ಕಿನ ಕೆಲಸ ನನ್ನದು. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಅಂಗಡಿ. ಹೀಗೇ ಏಳು ವರ್ಷ. ದಿನಕ್ಕೆ ಮೂರೇ ಲೋಟ ನೀರು ಅಂತ ಡಾಕ್ಟರ ಕಟ್ಟಪ್ಪಣೆ. ಹೆಚ್ಚು ಕುಡಿದರೆ ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ. ಕದ್ದು ಕುಡಿದಿರಾ ಅಂತ ನಾನು ಕೇಳುತ್ತಿರಲಿಲ್ಲ, ಪ್ಯಾಂಟಿನ ಸೊಂಟಕ್ಕೆ ಎರಡು ಬೆರಳು ತೂರಿಸಿ ನೋಡುತ್ತಿದ್ದೆ. ಬೆರಳು ಹೋಗದಿದ್ದರೆ ಆ ದಿನ ನನ್ನ ಬಾಯಿಗೆ ಬೀಗವಿಲ್ಲ.

ಆಮೇಲೆ ಎದೆನೋವು ಬಂತು. ಹೃದಯದ ಮೂರು ನಾಳ ಕಟ್ಟಿಕೊಂಡಿವೆ, ಬೈಪಾಸ್ ಆಗಬೇಕು ಎಂದರು ಸರ್ಜನ್. ಡಯಾಲಿಸಿಸ್‌ನವರಿಗೆ ಈ ಆಪರೇಷನ್ ಬೇರೆಯವರಿಗಿಂತ ಕಷ್ಟ, ನಾಳಗಳು ಸುಣ್ಣಗಟ್ಟಿ ಗಡಸಾಗಿರುತ್ತವೆ ಅಂತ ಏನೂ ಮುಚ್ಚಿಡದೆ ಹೇಳಿದರು. ಹಳೇ ಬಟ್ಟೆ ಹೊಲಿಗೆ ಹಿಡಿಯುತ್ತದೆಯೇ ಎಂದು ಇವರು ಕೇಳಿದರು. ಮೆತ್ತಗಿರುವ ಜಾಗ ಹುಡುಕಿ ಹೊಲಿಯುತ್ತೇನೆ ಎಂದರು ಅವರು. ಇವರಿಗೆ ಆ ಮಾತು ಹಿಡಿಸಿತು. ಕಸುಬಿನವರು ಕಸುಬಿನವರನ್ನು ನಂಬುತ್ತಾರೆ.

ಮೊದಲ ಸಲ ಜ್ವರ ಬಂದು ದಿನ ಮುಂದೆ ಹೋಯಿತು. ಎರಡನೇ ಸಲ ಅಡ್ಮಿಟ್ ಆದಾಗ ಇವರ ತೂಕ ಎರಡೂವರೆ ಕೆಜಿ ಏರಿತ್ತು. ಊಟ ಸೇರುತ್ತಿದೆ, ಮೈ ತುಂಬಿಕೊಂಡಿದೆ ಎಂದು ನರ್ಸಮ್ಮನಿಗೆ ಹೇಳಿದರು. ಸೊಂಟಕ್ಕೆ ಎರಡು ಬೆರಳು ಸಲೀಸಾಗಿ ಹೋಗಿದ್ದವು, ನೀರಾಗಿದ್ದರೆ ಬಿಗಿಯಾಗಬೇಕಿತ್ತಲ್ಲ ಎಂದು ನಾನೂ ತಲೆಯಾಡಿಸಿದೆ. ಆ ಮಾತಿನ ಮೇಲೆ ಅಂದಿನ ಡಯಾಲಿಸಿಸ್‌ನಲ್ಲಿ ಕಡಿಮೆ ನೀರು ತೆಗೆದರು. ಬೆಳಗಾದರೆ ಆಪರೇಷನ್.

ಸಂಜೆ ಇವರು ಬಿಚ್ಚಿಟ್ಟ ಪ್ಯಾಂಟು ಮಡಚುತ್ತಿದ್ದೆ. ಬೆನ್ನಿನ ಕಡೆ ಸೊಂಟಪಟ್ಟಿಯಲ್ಲಿ ಹೊಸ ನೂಲು ಕಂಡಿತು. ಹೊಲಿಗೆ ಬಿಚ್ಚಿ, ಒಂದೂವರೆ ಇಂಚು ಸಡಿಲಿಸಿ, ಮತ್ತೆ ಹೊಲಿದಿದ್ದರು. ಅಷ್ಟು ಅಚ್ಚುಕಟ್ಟು ಕೆಲಸ, ಬೇರೆಯವರಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

"ಹೇಳ್ಬೇಡ ಕಣೇ," ಎಂದರು. "ಇನ್ನೊಂದ್ಸಲ ಮುಂದೆ ಹಾಕಿದ್ರೆ ನಂಗೆ ಧೈರ್ಯ ಉಳಿಯಲ್ಲ."

"ಧೈರ್ಯ ಹೋದ್ರೆ ಮತ್ತೆ ತಂದ್ಕೊಳ್ಳೋಣ. ನೀವು ಹೋದ್ರೆ ಎಲ್ಲಿಂದ ತರ್ಲಿ?"

ಪ್ಯಾಂಟನ್ನೇ ಎತ್ತಿಕೊಂಡು ಹೋಗಿ ಸರ್ಜನ್ ಮುಂದೆ ಹಿಡಿದೆ. ಅವರು ನಗಲಿಲ್ಲ. ಬಂದು ಇವರ ಕಾಲು ಒತ್ತಿ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಶ್ವಾಸಕೋಶದ ತನಕ ನೀರಿದೆ, ಹೀಗೇ ಎದೆ ತೆರೆದಿದ್ದರೆ ಹೃದಯ ತಡೆದುಕೊಳ್ಳುವುದು ಕಷ್ಟವಿತ್ತು ಎಂದರು. ಆಪರೇಷನ್ ನಾಲ್ಕು ದಿನ ಮುಂದೆ ಹೋಯಿತು. ದಿನ ಬಿಟ್ಟು ದಿನ ಇದ್ದ ಡಯಾಲಿಸಿಸ್ ದಿನವೂ ಆಯಿತು. ಅಷ್ಟೂ ದಿನ ಇವರು ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಬೇಕಿದ್ದರೆ ಗೋಡೆಗೆ ಹೇಳುವರು, ನಾನು ಕೇಳಿಸಿಕೊಳ್ಳಬೇಕು. ಥಿಯೇಟರಿಗೆ ಕರೆದೊಯ್ಯುವಾಗಲೂ ಮುಖ ಆ ಕಡೆಗೇ.

ಆರು ಗಂಟೆ ಕಾಲ ನಾನೂ ಮಗಳೂ ಬೆಂಚಿನ ಮೇಲೆ ಕೂತಿದ್ದೆವು. ಜಗಳದಲ್ಲೇ ಕಳಿಸಿಬಿಟ್ಟೆನಲ್ಲ ಎಂಬುದೊಂದೇ ನನ್ನನ್ನು ಕುಟುಕುತ್ತಿತ್ತು.

ಮೂರನೇ ದಿನ, ಬಾಯಿಂದ ಉಸಿರಿನ ಕೊಳವೆ ತೆಗೆದ ಮೇಲೆ, ನನ್ನನ್ನು ಒಳಗೆ ಬಿಟ್ಟರು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಮನೇಗೆ ಹೋಗಿ ಎರಡು ತುತ್ತು ತಿಂದು ಮಲ್ಕೋ. ನನ್ ಮೇಲೆ ಚಾಡಿ ಹೇಳೋಕೆ ಮೈಯಲ್ಲಿ ಶಕ್ತಿ ಬೇಡ್ವಾ?"

ನಾನು ಹೋಗಲಿಲ್ಲ. ನರ್ಸಮ್ಮ ಆಚೆ ಕಳಿಸುವ ತನಕ ಅಲ್ಲೇ ನಿಂತಿದ್ದೆ. ಆಮೇಲೆ ಐದು ವರ್ಷ ಬದುಕಿದರು.