ನಾನು ಕೊಡದೇ ಇದ್ದ ಇಂಜೆಕ್ಷನ್

2018ರಲ್ಲಿ ನಾನು ನಾಗಪುರದ ಸದರ್ ಬಡಾವಣೆಯ ಒಂದು ಆಸ್ಪತ್ರೆಯಲ್ಲಿ ಹಿರಿಯ ಅನಸ್ತೀಶಿಯಾ ವೈದ್ಯೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅನಸ್ತೀಶಿಯಾದವರನ್ನು ರೋಗಿಗಳು ನೆನಪಿಟ್ಟುಕೊಳ್ಳುವುದಿಲ್ಲ. ನಮ್ಮ ಮುಖ ನೋಡಿದ ಐದು ನಿಮಿಷಕ್ಕೆ ಅವರು ನಿದ್ದೆ ಹೋಗಿರುತ್ತಾರೆ, ಹಾರ ತುರಾಯಿ ಎಲ್ಲ ಸರ್ಜನ್‌ಗೆ. ನನಗೆ ಆ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು ಇತ್ತೆಂದು ಈಗ ಒಪ್ಪಿಕೊಳ್ಳಬಹುದು. ಆದರೂ ನೋವು ತೆಗೆಯುವುದೇ ನನ್ನ ಕಸುಬು ಎಂಬ ಹೆಮ್ಮೆಯಿತ್ತು. ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಜುಲೈ ತಿಂಗಳ ಒಂದು ಶುಕ್ರವಾರ.

ಬೆಳಿಗ್ಗೆ ಒಂಬತ್ತೂಕಾಲಿಗೆ ಸ್ಟ್ರೆಚರ್ ಮೇಲೆ ಬಂದವಳು ಸುಜನಾ. ಹತ್ತೊಂಬತ್ತು ವರ್ಷ. ವಾಡಿಯ ಹತ್ತಿರ ಲಾರಿಯೊಂದು ಅವಳ ಸ್ಕೂಟಿಗೆ ತಾಗಿ, ಎಡಗಾಲು ಸ್ಕೂಟಿಯ ಕೆಳಗೆ ಸಿಕ್ಕಿಕೊಂಡಿತ್ತು. ಅವಳ ತಂದೆ ಕರುಣಾಕರ್ ಗದಗಿನವರು, ಮದ್ದುಗುಂಡು ತಯಾರಿಸುವ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ನಾವು ಒಂದೇ ಚರ್ಚಿಗೆ ಹೋಗುವವರು. ಅವರ ಹೆಂಡತಿ ಸುಗುಣಾ ನನ್ನ ಗೆಳತಿ. ಎರಡು ವರ್ಷದ ಹಿಂದೆ ಮೂಳೆಯ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಳು.

ಸುಜನಾಳ ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು, ಚರ್ಮ ಹರಿದಿರಲಿಲ್ಲ. ಏಳೂವರೆಗೆ ತರ್ರಿ ಪೋಹಾ, ಅಂದರೆ ಎಣ್ಣೆ ತೇಲುವ ಖಾರದ ಸಾರು ಸುರಿದ ಅವಲಕ್ಕಿ, ತಿಂದು ಮನೆ ಬಿಟ್ಟಿದ್ದಳು. ತುಂಬಿದ ಹೊಟ್ಟೆಗೆ ಅನಸ್ತೀಶಿಯಾ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಅಷ್ಟು ಎಣ್ಣೆಯ ತಿಂಡಿಗೆ ಎಂಟು ಗಂಟೆ ಕಾಯಬೇಕು. ಆಪರೇಷನ್ ನಾಲ್ಕಕ್ಕೆ ಎಂದು ನಿಗದಿಯಾಯಿತು.

ಹನ್ನೊಂದರ ಹೊತ್ತಿಗೆ ಅವಳು ಹಾಸಿಗೆಯ ಸರಳು ಹಿಡಿದು ನರಳತೊಡಗಿದಳು. ನನ್ನ ಬಳಿ ಉಪಾಯವಿತ್ತು. ನರದ ಸುತ್ತ ಒಂದು ಇಂಜೆಕ್ಷನ್ ಕೊಟ್ಟರೆ ಕಾಲು ಹತ್ತು ಹನ್ನೆರಡು ಗಂಟೆ ಮರಗಟ್ಟುತ್ತದೆ. ನಾವು ಅದನ್ನು ಬ್ಲಾಕ್ ಎನ್ನುತ್ತೇವೆ. ಹದಿನೈದು ನಿಮಿಷದ ಕೆಲಸ. ನಾನು ಅದನ್ನು ಕೊಡಲಿಲ್ಲ.

ಕಾರಣವಿತ್ತು. ಇಂಥ ಪೆಟ್ಟಿನಲ್ಲಿ ಮೀನಖಂಡದ ಸ್ನಾಯುಗಳು ಒಳಗೇ ಬಾತು ರಕ್ತ ಓಡಾಟ ನಿಲ್ಲಬಹುದು. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದು ಹೆಸರು. ಆರು ಗಂಟೆಯೊಳಗೆ ಸ್ನಾಯುವಿನ ಹೊದಿಕೆ ಸೀಳಿ ಒತ್ತಡ ಇಳಿಸದಿದ್ದರೆ ಕಾಲು ಹೋಯಿತು. ಅದು ಶುರುವಾದದ್ದನ್ನು ಮೊದಲು ಹೇಳುವುದು ನೋವು. ಕಾಲು ಮರಗಟ್ಟಿಸಿದರೆ ಹೇಳುವವರ ಬಾಯಿ ಮುಚ್ಚಿದಂತೆ. ಹಾಗಾಗಿ ನೋವು ತುಸು ತಗ್ಗುವಷ್ಟು ಫೆಂಟಾನಿಲ್ ಮಾತ್ರ ಕೊಟ್ಟೆ. ಇದನ್ನೆಲ್ಲ ಕರುಣಾಕರ್‌ಗೆ ವಿವರಿಸಿದೆ.

ಮಗಳು ಒದ್ದಾಡುವಾಗ ಯಾವ ತಂದೆಗೆ ವಿವರಣೆ ಬೇಕು?

"ಔಷಧ ಐತಿ, ನೀವ ಕೊಡವಲ್ರಿ. ಬರೋಬರ್ ಏನ್ರಿ ಇದು? ಲಕ್ಷ್ಮೀ ನಗರದಾಗ ಬ್ಯಾರೆ ದವಾಖಾನಿ ಐತಿ. ಅಲ್ಲಿಗೆ ಒಯ್ತೀನಿ. ಆಂಬುಲೆನ್ಸ್ ಕರಿಸೀನಿ, ಜಲ್ದಿ ಕಾಗದ ಮಾಡಿಕೊಡ್ರಿ" ಎಂದರು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಟ್ರಾಫಿಕ್ಕಿನಲ್ಲಿ ಒಂದು ಗಂಟೆ, ಅಲ್ಲಿ ಮತ್ತೆ ಮೊದಲಿನಿಂದ ತಪಾಸಣೆ. ಅಷ್ಟರಲ್ಲಿ ಒತ್ತಡ ಏರಿದರೆ ದಾರಿಯಲ್ಲಿ ಯಾರಿಗೆ ಗೊತ್ತಾಗುತ್ತದೆ? ಅವಳು ವಯಸ್ಕಳು, ನಿರ್ಧಾರ ಅವಳದೇ. ಹಾಸಿಗೆಯ ಹತ್ತಿರ ಹೋಗಿ, ಚರ್ಚಿನಲ್ಲಿ ಹುಟ್ಟಿ ಬೆಳೆದವರ ಬಾಯಿಗೆ ತಾನಾಗಿ ಬರುವ ಮಾತು ಹೇಳಿಬಿಟ್ಟೆ: "ಸ್ವಲ್ಪ ತಡಕೊ ಮಗಾ. ಇದರಾಗೂ ದೇವರ ಚಿತ್ತ ಇರತೈತಿ."

"ಇತ್ತಾ?" ಅವಳು ಕಿರುಚಿದಳು. "ಅವ್ವ ಒದ್ದಾಡಿ ಸತ್ತಾಗೂ ಇತ್ತಾ? ಎಲ್ಲಾ ನೋಡ್ಕೋತ ಸುಮ್ಮ ಕುಂತಿದ್ನಾ ದೇವ್ರು?"

ನಾನು ಪಾಸ್ಟರರಂತೆ ಶುರುಮಾಡಿದೆ. ದೇವರು ಕೇಡನ್ನು ಬಯಸುವುದಿಲ್ಲ, ಅನುಮತಿಸುತ್ತಾನೆ, ಆತನ ಯೋಜನೆ ನಮಗೆ ತಿಳಿಯದು... ಅವಳು ನನ್ನ ಮಾತನ್ನು ಅರ್ಧಕ್ಕೇ ತುಂಡರಿಸಿದಳು.

"ಯೋಜನಾ ಗಿಜನಾ ಬ್ಯಾಡ ಆಂಟಿ. ಚಿತ್ತ ಕೇಳಿದೆ ನಾನು. ಶಾಳೆದಾಗ ಟೀಚರ್ ಬೈತಿದ್ರಲ್ಲ, 'ಚಿತ್ತ ಕುಠೆ ಆಹೇ ತುಝಂ' ಅಂತ. ಲಕ್ಷ್ಯ, ಲಕ್ಷ್ಯ! ದೇವರ ಲಕ್ಷ್ಯ ಎಲ್ಲಿತ್ತು?"

ಆಗ ನನಗೆ ಹೊಳೆಯಿತು. ನಾನು ಬೆಳೆದ ಧಾರವಾಡದ ಕನ್ನಡ ಪ್ರಾರ್ಥನೆಯಲ್ಲಿ ಚಿತ್ತ ಎಂದರೆ ಇಚ್ಛೆ. ನಾಗಪುರದಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದ ಈ ಹುಡುಗಿಗೆ ಚಿತ್ತ ಎಂದರೆ ಗಮನ; 'ನಿನ್ನ ಗಮನ ಎಲ್ಲಿದೆ' ಎಂದೇ ಅವಳ ಟೀಚರ್ ಬೈಯುತ್ತಿದ್ದದ್ದು. ತಾಯಿಯ ಸಮಾಧಿಯ ಪಕ್ಕ ನಾವೆಲ್ಲ ಒಬ್ಬರಾದ ಮೇಲೊಬ್ಬರು ದೇವರ ಚಿತ್ತ ಎಂದಾಗ ಅವಳಿಗೆ ಕೇಳಿಸಿದ್ದು, ದೇವರು ಗಮನವಿಟ್ಟು ನೋಡುತ್ತಿದ್ದ ಎಂದು. ಆ ಮಾತು ಹೇಳಿದವರಲ್ಲಿ ನಾನೂ ಒಬ್ಬಳು.

ಅವಳ ಕಡೆ ಬಗ್ಗಿ ಹೇಳಿದೆ: "ನಿಮ್ಮವ್ವಗ ಯಾಕಂತ ನಂಗ ಗೊತ್ತಿಲ್ಲ ಸುಜನಾ. ಈ ಕಾಲಿಂದಷ್ಟ ಗೊತ್ತೈತಿ. ಈ ಬ್ಯಾನಿ ನಂಗ ಬೇಕು, ನಿನ್ನ ಕಾಲು ಉಳಿಸಾಕ. ನನ್ನ ಲಕ್ಷ್ಯ ಇಲ್ಲೇ ಇರತೈತಿ."

"ನೀವು ಎದ್ದು ಹೋಗಂಗಿಲ್ಲಲ್ಲ?"

"ಹೋಗಂಗಿಲ್ಲ."

ಅವಳು ತಂದೆಯ ಕಡೆ ತಿರುಗಿ, "ಆಂಬುಲೆನ್ಸ್ ಬ್ಯಾಡ ಪಪ್ಪಾ" ಎಂದಳು. ನನ್ನ ಉಳಿದ ಕೇಸುಗಳನ್ನು ಕಿರಿಯ ಸಹೋದ್ಯೋಗಿಗೆ ವಹಿಸಿ, ಸ್ಟೂಲ್ ಎಳೆದುಕೊಂಡು ಕುಳಿತೆ.

ಆಮೇಲಿನ ಎರಡು ಗಂಟೆಯಷ್ಟು ಉದ್ದದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ. ಪ್ರತಿ ಹದಿನೈದು ನಿಮಿಷಕ್ಕೆ ಮೀನಖಂಡ ಒತ್ತಿ, ಕಾಲ್ಬೆರಳು ಮೆಲ್ಲಗೆ ಬಗ್ಗಿಸಿ ನೋಡುವುದು. ಪ್ರತಿ ಸಲವೂ ಅವಳು ನನ್ನ ಕೈ ಹಿಂಡುತ್ತಿದ್ದಳು. ಜೇಬಿನಲ್ಲಿ ಬ್ಲಾಕ್‌ನ ಔಷಧವಿತ್ತು. ಎರಡು ಸಲ ಕೈ ಅಲ್ಲಿಗೆ ಹೋಗಿ ವಾಪಸ್ಸಾಯಿತು. ಕೊಟ್ಟುಬಿಡುವುದು ಎಷ್ಟು ಸುಲಭವಿತ್ತು! ಆ ಹೊತ್ತಿಗೆ ನನಗೆ ನೆನಪಾದದ್ದು ಪಾಸ್ಟರರ ಯಾವ ಉಪದೇಶವೂ ಅಲ್ಲ. ಶಿಲುಬೆಯ ಮೇಲಿದ್ದವನೂ ದೇವರೇ, ಯಾಕೆ ಕೈಬಿಟ್ಟೆ ಎಂದೇ ಕೂಗಿದ್ದ, ಅವನಿಗೂ ಉತ್ತರ ಬರಲಿಲ್ಲ ಎಂಬುದು.

ಒಂದು ನಲವತ್ತಕ್ಕೆ ಬೆರಳು ಮುಟ್ಟುತ್ತಲೇ ಅವಳು ಚೀರಿದ ರೀತಿ ಬೇರೆಯಾಗಿತ್ತು. ಮೀನಖಂಡ ಹಲಗೆಯಂತೆ ಗಟ್ಟಿಯಾಗಿತ್ತು. ಪಾದದ ನಾಡಿ ಇನ್ನೂ ಸಿಗುತ್ತಿತ್ತು, ಬಣ್ಣವೂ ಸರಿಯಿತ್ತು. ನೋವೊಂದನ್ನು ಬಿಟ್ಟರೆ ಬೇರೆ ಯಾವ ಸುಳಿವೂ ಇರಲಿಲ್ಲ. ಸರ್ಜನ್ ಓಡಿ ಬಂದು, ಒಂದು ಸಲ ಮುಟ್ಟಿ ನೋಡಿ, "ಚಲಾ, ಥಾಂಬಾಯ್ಚಂ ನಾಹೀ" ಎಂದರು, ಇನ್ನು ಕಾಯುವಂತಿಲ್ಲ ಎಂದು.

ಹೊಟ್ಟೆಯಲ್ಲಿ ಪೋಹಾ ಇನ್ನೂ ಇತ್ತು. ಅದು ಮೇಲೆ ಬರದಂತೆ ನರ್ಸ್ ಕೈಯಲ್ಲಿ ಅವಳ ಗಂಟಲನ್ನು ಒತ್ತಿ ಹಿಡಿಸಿ, ನಿದ್ದೆಯ ಔಷಧ ಕೊಟ್ಟ ನಿಮಿಷದೊಳಗೆ ಶ್ವಾಸನಾಳಕ್ಕೆ ಟ್ಯೂಬ್ ಇಳಿಸಿದೆ. ಎರಡು ಹತ್ತಕ್ಕೆ ಸರ್ಜನ್ ಹೊದಿಕೆ ಸೀಳಿದಾಗ ಕಪ್ಪಿಟ್ಟಿದ್ದ ಸ್ನಾಯು ಹೊರಗೆ ಉಬ್ಬಿತು. ನಾವೆಲ್ಲ ಅದನ್ನೇ ನೋಡುತ್ತ ನಿಂತೆವು. ನಾಲ್ಕೈದು ನಿಮಿಷದ ಮೇಲೆ ಅದು ನಿಧಾನಕ್ಕೆ ಕೆಂಪಾಯಿತು. ಕಾಲು ಉಳಿಯಿತು. ಮಾಸ್ಕಿನೊಳಗೆ ನಾನು ಅತ್ತೆ, ಯಾರಿಗೂ ಕಾಣಲಿಲ್ಲ.

ಸಂಜೆ ವಾರ್ಡಿನ ಹೊರಗೆ ಕರುಣಾಕರ್ ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಕೇಳಿದರು: "ಹಂಗಾರ ಡಾಕ್ಟ್ರ, ಸುಗುಣಾನ ಬ್ಯಾನಿ ಏನ್ ಉಳಸ್ತು?"

ಈ ಘಟನೆಯನ್ನು ಚರ್ಚಿನಲ್ಲಿ ಎಲ್ಲರೆದುರು ದೇವರ ಕೆಲಸಕ್ಕೆ ಸಾಕ್ಷಿಯಾಗಿ ಹೇಳಲು ನಾನು ಮನಸ್ಸಿನಲ್ಲೇ ತಯಾರಿ ನಡೆಸಿದ್ದೆ. ನೋವನ್ನು ದೇವರು ಯಾಕೆ ಉಳಿಸುತ್ತಾನೆ ಎಂಬುದಕ್ಕೆ ಎಷ್ಟು ಚೆಂದದ ಉದಾಹರಣೆ! ಆ ಒಂದು ಪ್ರಶ್ನೆಗೆ ಅದು ಅಲ್ಲೇ ಮುಗಿಯಿತು.

"ಏನೂ ಇಲ್ಲ ಕರುಣಾಕರ್," ಎಂದೆ. "ನಾನು ಆಕಿ ಕಡೆಯ ತಿಂಗಳದಾಗ ಎರಡ ಸಲ ಬಂದಿದ್ದೆ. ಇವತ್ತು ಇಕಿ ಹತ್ರ ಕುಂತಂಗ ಅಲ್ಲಿ ಕುಂದರಲಿಲ್ಲ." ಅವರು ನನ್ನ ಕೈ ಬಿಡಲಿಲ್ಲ.

ಈಗಲೂ ಭಾನುವಾರ ಪ್ರಾರ್ಥನೆಯಲ್ಲಿ ದೇವರ ಚಿತ್ತ ಎಂಬ ಮಾತು ಬಂದಾಗ, ಎರಡು ಬೆಂಚು ಮುಂದೆ ಕೂರುವ ಸುಜನಾ ಒಮ್ಮೆ ತಿರುಗಿ ನೋಡುತ್ತಾಳೆ, ನಾನು ಇದ್ದೇನೋ ಇಲ್ಲವೋ ಎಂದು. ಔಷಧ ಕೈಯಲ್ಲಿದ್ದೂ ನೋವನ್ನು ಉಳಿಸಿದವರಿಗೆ ಎದ್ದು ಹೋಗುವ ಹಕ್ಕಿಲ್ಲ. ನನ್ನ ಕಸುಬು ಕಲಿಸಿದ್ದು ಇಷ್ಟು. ನನ್ನ ದೇವರನ್ನು ನಾನು ಇನ್ನೂ ನಂಬುವುದೂ ಅವನು ವಿವರಣೆ ಕೊಟ್ಟನೆಂದಲ್ಲ, ಶಿಲುಬೆಯಿಂದ ಇಳಿದು ಹೋಗಲಿಲ್ಲವೆಂದು. ಸುಗುಣಾಳ ಹಾಸಿಗೆಯ ಪಕ್ಕದಿಂದ ಎದ್ದು ಹೋದವಳು ನಾನು.