ಮದುಮಗನ ಕುದುರೆಗೆ ಬೇವಿನ ವಾಸನೆ

ಸೋಸಲೆಯಲ್ಲಿ ಮದುಮಗ ಹತ್ತಿ ಕೂತನೋ ಇಲ್ಲವೋ, ನಮ್ಮ ಮೆರವಣಿಗೆ ಕುದುರೆ ಹಿಂಗಾಲು ಝಾಡಿಸಿತು. ಆತ ಗಾಬರಿಯಿಂದ ಅದರ ಕೊರಳು ತಬ್ಬಿಕೊಂಡ. ಮದುವೆಗೆಂದೇ ನಾನು ನರಸೀಪುರದಲ್ಲಿ ಆರಿಸಿ ತಂದು ಕುದುರೆಗೆ ಹೊಡೆದಿದ್ದ, ಮಲ್ಲಿಗೆ ಪರಿಮಳದ ನೊಣ ಓಡಿಸುವ ಸ್ಪ್ರೇಗೆ ನೊಣಗಳು ಇನ್ನಷ್ಟು ಮುತ್ತಿಕೊಂಡಿದ್ದವು. ಮದುಮಗನನ್ನು ಇಳಿಸಿ, ಲಾಯದಲ್ಲಿ ದಿನಾ ಬಳಸುವ ಬೇವಿನೆಣ್ಣೆ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಕುದುರೆಯ ಮುಖ, ಕಾಲು ಒರೆಸಿದೆ.

“ಮದ್ವೆ ಕುದ್ರೆಗೆ ಈ ನಾತ ಯಾಕವ್ವಾ?” ಮದುಮಗನ ಅಜ್ಜಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡರು.

ಉರಿಬಿಸಿಲು, ಕಿವಿಗಡಚಿಕ್ಕುವ ತಮಟೆ. ಆದರೂ ಮದುಮಗನನ್ನು ಮತ್ತೆ ಹೊತ್ತ ಕುದುರೆ ಛತ್ರದ ಬಾಗಿಲವರೆಗೆ ಬಾಲ ಕೂಡ ಬೀಸದೆ ರಾಜಠೀವಿಯಲ್ಲಿ ನಡೆಯಿತು. ಆರತಿಗೂ ಮೊದಲೇ ಅಜ್ಜಿ ನನ್ನ ಬಳಿ ಬಂದರು. “ಆ ಬಾಟ್ಲಿ ಇತ್ಲಾಗ್ ಕೊಡವ್ವ, ನಮ್ಮ ಎಮ್ಮೆಗೂ ಒಸಿ ಒರೆಸ್ಬೇಕು!”

ಈಗ ಮೆರವಣಿಗೆಗೆ ಹೊರಟಾಗ ಚೀಲದಲ್ಲಿ ಎರಡು ಬಾಟಲಿ ಇಟ್ಟುಕೊಳ್ಳುತ್ತೇನೆ: ಒಂದು ಕುದುರೆಗೆ, ಇನ್ನೊಂದು ಮೂಗು ಮುಚ್ಚಿಕೊಳ್ಳುವವರಿಗೆ.